ಪದ ಬೇಕಿದೆ: ಸರ್ಜನ್ ಫಿಶ್‌ಗೆ ಕನ್ನಡದಲ್ಲಿ ಏನನ್ನೋಣ? (ಗುರುವಾರದೊಳಗೆ)

ಎಲ್ಲರಿಗೂ ನಮಸ್ಕಾರ.

ಒಂದು ಪದ ತುರ್ತಾಗಿ ಬೇಕು. ಲಕ್ಷದ್ವೀಪದ ಹವಳದಿಬ್ಬಗಳ ಫೋಟೋ ಪ್ರದರ್ಶನವೊಂದಿದೆ. ಅದರ ಬೋರ್ಡುಗಳನ್ನು ಕನ್ನಡಕ್ಕೆ ತರುತ್ತಿದ್ದೇನೆ. ನೋಡಲು ಬರುವವರಲ್ಲಿ ಶಾಲೆ ಮಕ್ಕಳೇ ಜಾಸ್ತಿ. ಉಳಿದ ಬೋರ್ಡುಗಳೆಲ್ಲ ಮುಗಿದಿವೆ. ಈ ಒಂದು ಮೀನಿನ ಹತ್ತಿರ ಸಿಕ್ಕಿಹಾಕಿಕೊಂಡಿದ್ದೇನೆ. ಗುರುವಾರ ಬೆಳಿಗ್ಗೆ ಪ್ರಿಂಟಿಗೆ ಹೋಗುತ್ತದೆ.

ಮೀನು ಹೀಗಿದೆ. ತಟ್ಟೆಯ ಹಾಗೆ ಚಪ್ಪಟೆ ಮೈ, ಪುಟ್ಟ ಬಾಯಿ. ಹಗಲೆಲ್ಲ ಬಂಡೆಯ ಮೇಲಿನ ಪಾಚಿ ತಿನ್ನುತ್ತದೆ. ಬಾಲದ ಬುಡದಲ್ಲಿ ಎರಡೂ ಪಕ್ಕ ಒಂದೊಂದು ಅಲಗು ಇರುತ್ತದೆ. ಸುಮ್ನೆ ಈಜುವಾಗ ಅದು ಮೈಯಲ್ಲಿರುವ ಸೀಳಿನೊಳಗೆ ಮಡಚಿಕೊಂಡಿರುತ್ತದೆ. ಬೆದರಿ ಬಾಲ ಬೀಸಿದರೆ ಹೊರಗೆ ಚಾಚುತ್ತದೆ. ಅದನ್ನು ನೋಡಿ ಆಪರೇಷನ್ ಚಾಕುವಿನ ನೆನಪಾಗಿ ಸರ್ಜನ್ ಎಂದು ಕರೆದಿದ್ದಾರೆ. ಈ ಕುಟುಂಬದಲ್ಲಿ 80ಕ್ಕೂ ಜಾಸ್ತಿ ಜಾತಿಗಳಿವೆ. ನನ್ನ ಬೋರ್ಡಿನಲ್ಲಿ ನಾಲ್ಕು ಬರುತ್ತವೆ: ಪೌಡರ್ ಬ್ಲೂ, ಕಾನ್ವಿಕ್ಟ್, ಲೈನ್ಡ್, ಯೂನಿಕಾರ್ನ್. ಮೊದಲು ಕುಟುಂಬಕ್ಕೊಂದು ಹೆಸರು ಸಿಕ್ಕರೆ ಉಳಿದದ್ದು ಸುಲಭ.

ನಾನು ಈಗಾಗಲೇ ಬಿಟ್ಟ ಹೆಸರುಗಳು: ಶಸ್ತ್ರಚಿಕಿತ್ಸಕ ಮೀನು (ಐದನೇ ಕ್ಲಾಸಿನ ಮಗು ಓದುವಷ್ಟರಲ್ಲಿ ಮುಂದಿನ ಫೋಟೋ ಬಂದಿರುತ್ತದೆ). ಡಾಕ್ಟರ್ ಮೀನು (ಮಾಲ್‌ಗಳಲ್ಲಿ ಕಾಲು ಇಳಿಬಿಟ್ಟು ಕೂತರೆ ಚರ್ಮ ಕಚ್ಚುವ ಪುಟ್ಟ ಮೀನಿಗೆ ಜನ ಹಾಗೆ ಅನ್ನುತ್ತಾರೆ. ಅದು ಸಿಹಿನೀರಿನ ಬೇರೆಯೇ ಮೀನು). ಕತ್ತಿಮೀನು (ಉದ್ದ ಮೂತಿಯ ದೊಡ್ಡ ಮೀನಿಗೆ ಪಠ್ಯಪುಸ್ತಕಗಳಲ್ಲಿ ಆ ಹೆಸರು ಬಿದ್ದಾಗಿದೆ).

ದಯವಿಟ್ಟು ಸಹಾಯ ಮಾಡಿ.

———

ಸರ್ಜನ್ ಮೀನು.

ಜಿಲ್ಲಾಸ್ಪತ್ರೆಗೆ ಹೋದವರೆಲ್ಲ ಸರ್ಜನ್ ಅಂತಾನೇ ಹೇಳೋದು. ಇದರಲ್ಲಿ ಚರ್ಚೆಗೆ ಏನೂ ಇಲ್ಲ.

———

ಹಿಂದಿನ ಓಲೆಗೆ ನನ್ನ ಒಪ್ಪಿಗೆ ಇಲ್ಲ. ಸರ್ಜನ್ ಎಂಬ ಮಾತಿನ ಬೇರು ಗ್ರೀಕಿನಲ್ಲಿದೆ. 'ಖೇಯ್‌ರ್' ಅಂದರೆ ಕೈ, 'ಎರ್ಗೊನ್' ಅಂದರೆ ಕೆಲಸ. ಕೈಯಿಂದ ಕೆಲಸ ಮಾಡುವವನು ಎಂದಷ್ಟೇ ಅರ್ಥ. ಅದರಲ್ಲಿ ಅಲಗೂ ಇಲ್ಲ, ಮುಳ್ಳೂ ಇಲ್ಲ. ಮೀನಿಗೆ ಕೈಯೂ ಇಲ್ಲ.

ನಮ್ಮಲ್ಲಿ ಇದಕ್ಕಿಂತ ಒಳ್ಳೆಯ ಮಾತಿದೆ. ಶಲ್ಯ. ಬಾಣದ ಮೊನೆ, ಮುಳ್ಳು, ಮೈಯೊಳಗೆ ಹೊಕ್ಕು ನೋಯಿಸುವ ಚೂಪಾದ ವಸ್ತು ಎಲ್ಲವೂ ಶಲ್ಯವೇ. ಅದನ್ನು ಹೊರಗೆ ತೆಗೆಯುವ ವಿದ್ಯೆಯೇ ಸುಶ್ರುತನ ಶಲ್ಯತಂತ್ರ. ಮುಳ್ಳು ಎಂಬ ಅರ್ಥವೂ ಬಂತು, ಸರ್ಜನ್ ಎಂಬ ಅರ್ಥವೂ ಬಂತು. ಜಗತ್ತಿನ ಬೇರೆ ಯಾವ ಭಾಷೆಗೂ ಒಂದೇ ಪದದಲ್ಲಿ ಇವೆರಡು ಸಿಗಲಿಕ್ಕಿಲ್ಲ.

ಆದ್ದರಿಂದ: ಶಲ್ಯಮೀನ. ಶಲ್ಯಮೀನು ಅಲ್ಲ, ಶಲ್ಯಮೀನ. ಸಮಾಸದ ಎರಡೂ ಪದ ಸಂಸ್ಕೃತದವಾಗಿರಬೇಕು.

———

ಮೇಷ್ಟ್ರೇ, ನಿಮ್ಮ ಓದಿನ ಬಗ್ಗೆ ಗೌರವವಿದೆ. ಆದರೆ ಶಲ್ಯ ಅಂದರೆ ನಮ್ಮೂರಲ್ಲಿ ಹೆಗಲ ಮೇಲೆ ಹೊದೆಯುವ ಬಟ್ಟೆ. ಮದುವೆಯಲ್ಲಿ ಬೀಗರಿಗೆ ಪಂಚೆ, ಶಲ್ಯ ಕೊಡುತ್ತೇವೆ. ಮಗು ಬೋರ್ಡು ನೋಡಿ ಮೀನು ಶಲ್ಯ ಹೊದ್ದಿದೆ ಅಂದುಕೊಳ್ಳುತ್ತದೆ. ಹೆಚ್ಚು ಓದಿದ ಮಗುವಾದರೆ ಕರ್ಣನ ಸಾರಥಿಯನ್ನು ನೆನೆಯುತ್ತದೆ. ಆಗಲ್ಲ ಬಿಡಿ.

ಈ ಮೀನಿನ ವಿಜ್ಞಾನದ ಹೆಸರನ್ನೇ ಕನ್ನಡ ಮಾಡಿದರೆ ಸಾಕು. ಅಕ್ಯಾಂಥ್ಯೂರಸ್. 'ಅಕಾಂಥ' ಮುಳ್ಳು, 'ಊರ' ಬಾಲ. ಮುಳ್ಳುಬಾಲ. ಅಚ್ಚಗನ್ನಡ, ನಾಲ್ಕೇ ಅಕ್ಷರಕ್ಕೆ ಮುಗಿಯಿತು. ಕಣ್ಣ ಮುಂದೆ ಇರುವ ಪದ ಬಿಟ್ಟು ಸಂಸ್ಕೃತದ ಕೋಶ ತೆರೆಯುವ ಚಟ ನಮಗೆ ಯಾವಾಗ ಹೋಗುತ್ತದೋ.

———

ಮಲ್ಪೆ ಹತ್ತಿರದವನು ನಾನು. ಮುಳ್ಳುಬಾಲ ಅಂದ ಕೂಡಲೇ ಕರಾವಳಿಯ ಮಗುವಿಗೆ ನೆನಪಾಗೋದು ತೊರಕೆ. ಅದರ ಚಾಟಿಯಂಥ ಬಾಲದಲ್ಲಿ ವಿಷದ ಮುಳ್ಳಿದೆ. ಬಲೆಗೆ ಬಿದ್ದರೆ ಮೊದಲು ಆ ಮುಳ್ಳನ್ನು ಕಡಿದು ಬಿಸಾಡಿ ಆಮೇಲೆ ಮೀನು ಮುಟ್ಟುತ್ತಾರೆ. ತೊರಕೆಯ ಹೆಸರನ್ನು ಇನ್ನೊಂದು ಮೀನಿಗೆ ಕೊಟ್ಟ ಹಾಗಾಗುತ್ತದೆ.

ಇನ್ನೊಂದು ಮಾತು. ಮೀನಿನ ವಿಷಯದಲ್ಲಿ ನಾವು ಮುಳ್ಳು ಅಂದರೆ ಒಳಗಿನ ಎಲುಬು. ಬೂತಾಯಿಯಲ್ಲಿ ಮುಳ್ಳು ಜಾಸ್ತಿ, ಅಂಜಲ್‌ನಲ್ಲಿ ಕಡಿಮೆ. ಮಗುವಿಗೆ ಮೀನು ಬಡಿಸುವಾಗ "ಮುಳ್ಳು ನೋಡಿಕೊಂಡು ತಿನ್ನು" ಅಂತೇವೆ. ಮುಳ್ಳುಬಾಲ ಅಂದರೆ ಬಾಲದ ಕಡೆಯ ತುಂಡಿನಲ್ಲಿ ಮುಳ್ಳು ಜಾಸ್ತಿ ಅಂತ ಕೇಳಿಸುತ್ತದೆ.

ಕೇಳಬೇಕಾದದ್ದು ಲಕ್ಷದ್ವೀಪದವರನ್ನು. ಅವರು ನಮಗೆ ಹೊರಗಿನವರಲ್ಲ. ಅಮಿನಿ, ಕಡ್ಮತ್, ಕಿಲ್ತಾನ್, ಚೆತ್ಲತ್, ಬಿತ್ರ ಈ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಯ ಆಡಳಿತದಲ್ಲೇ ಇದ್ದವು. ತೆಂಗಿನ ನಾರು ತುಂಬಿಕೊಂಡು ಹಾಯಿ ಓಡಗಳಲ್ಲಿ ಮಂಗಳೂರಿಗೆ ಬಂದು, ಅಕ್ಕಿ ಕೊಂಡು ಹೋಗುತ್ತಿದ್ದರು. ಮೀನಿನ ಹೆಸರು ಅದನ್ನು ಹಿಡಿಯುವವರ ಬಾಯಿಂದ ಬರಬೇಕು. ಬಂಗುಡೆ, ಕಾಣೆ, ಮಾಂಜಿ, ಕೊಡ್ಡಾಯಿ, ಇದರಲ್ಲಿ ಯಾವುದನ್ನು ಪದಕೋಶದವರು ಮಾಡಿಕೊಟ್ಟರು?

———

ಈ ಮೀನನ್ನು ಕೈಯಲ್ಲಿ ಹಿಡಿದವರು ಯಾರೂ ಬರೆದಂತಿಲ್ಲ. ಹಾಗಾಗಿ ನಾನು ಬರೆಯುತ್ತಿದ್ದೇನೆ.

ಬೆಂಗಳೂರಿನಲ್ಲಿ ಮನೆಯಲ್ಲೇ ಉಪ್ಪುನೀರಿನ ತೊಟ್ಟಿ ಇಟ್ಟಿದ್ದೆ. ಅದರಲ್ಲಿ ಒಂದು ಪೌಡರ್ ಬ್ಲೂ ಇತ್ತು. ತೊಟ್ಟಿ ಬದಲಾಯಿಸುವಾಗ ಸಣ್ಣ ಬಲೆಯಿಂದ ಎತ್ತಿದೆ. ಎತ್ತಬಾರದಿತ್ತು. ಬಾಲ ಒಮ್ಮೆ ಕೊಡವಿತು, ಅಲಗು ಬಲೆಯ ಕಣ್ಣಿನಲ್ಲಿ ಸಿಕ್ಕಿಕೊಂಡಿತು. ಬಿಡಿಸಲು ಹೋದಾಗ ಹೆಬ್ಬೆರಳು ಸೀಳಿತು. ಚುಚ್ಚಿದ ಹಾಗಲ್ಲ, ಬ್ಲೇಡು ಎಳೆದ ಹಾಗೆ. ರಕ್ತ ಬರುವವರೆಗೂ ಗೊತ್ತೇ ಆಗಲಿಲ್ಲ. ಆಮೇಲಿಂದ ಪ್ಲಾಸ್ಟಿಕ್ ಡಬ್ಬಿಯಲ್ಲೇ ನೀರಿನ ಸಮೇತ ಎತ್ತುತ್ತಿದ್ದೆ.

ಆವತ್ತು ಅದನ್ನು ಸರಿಯಾಗಿ ನೋಡಿದೆ. ಅಲಗಿನ ಹಿಂದಿನ ತುದಿ ಮೈಗೆ ಕೂಡಿಕೊಂಡಿದೆ. ಮುಂದಿನ ತುದಿ ಬಿಚ್ಚಿಕೊಳ್ಳುತ್ತದೆ. ಅಂದರೆ ಮೊನೆ ತಲೆಯ ಕಡೆಗೆ ಮುಖ ಮಾಡಿರುತ್ತದೆ. ಮಡಚುವ ಚಾಕುವಿನ ಹಾಗೆ ಸೀಳಿನೊಳಗೆ ಕೂರುತ್ತದೆ. ಮುಳ್ಳು ಹೀಗೆ ಮಡಚಿಕೊಳ್ಳುವುದಿಲ್ಲ. ಇನ್ನೂ ಒಂದು: ಅದು ಎಲುಬೂ ಅಲ್ಲ, ಮುಳ್ಳೂ ಅಲ್ಲ. ಮೈ ಮೇಲಿನ ಹುರುಪೆಯೇ ಹಾಗೆ ಮಾರ್ಪಟ್ಟಿರುವುದು. ಮುಳ್ಳು ಅನ್ನುವುದು ಗ್ರೀಕಿನವರ ತಪ್ಪು, ನಾವೂ ಯಾಕೆ ಮಾಡಬೇಕು?

ಮೇಡಂ, ನೀವು ಮೊದಲ ಓಲೆಯಲ್ಲಿ ಏನು ಬರೆದಿದ್ದೀರಿ ನೋಡಿ.

> ಬಾಲದ ಬುಡದಲ್ಲಿ ಎರಡೂ ಪಕ್ಕ ಒಂದೊಂದು ಅಲಗು ಇರುತ್ತದೆ.

ಯಾರೂ ಕೇಳದೆಯೇ ನಿಮ್ಮ ಕೈಗೆ ಅಲಗು ಬಂದಿದೆ. ಪದ ಸಿಕ್ಕಿತಲ್ವಾ? ಅಲಗುಬಾಲ.

———

ಅಲಗುಬಾಲಕ್ಕೆ ನನ್ನದೂ ಒಂದು ಮತ. ನಮ್ಮ ಕಡೆ ಚೌಡೇಶ್ವರಿ ಹಬ್ಬದಲ್ಲಿ ಅಲಗು ಸೇವೆ ಇದೆ. ಅಜ್ಜಿಯಿಂದ ಮೊಮ್ಮಗನವರೆಗೆ ಯಾರಿಗೂ ಅಲಗು ಅಂದರೇನು ಎಂದು ಹೇಳಿಕೊಡಬೇಕಿಲ್ಲ.

ಒಂದು ತಿದ್ದುಪಡಿ. "ಪಾಚಿ ತಿನ್ನುತ್ತದೆ" ಅಂತ ಬರೆದಿದ್ದೀರಿ. ತಲೆ ತಗ್ಗಿಸಿ, ಒಂದು ಕಡೆಯಿಂದ ಕಚ್ಚುತ್ತಾ, ಇಡೀ ದಿನ ನಡೆಯುವುದಕ್ಕೆ ಕನ್ನಡದಲ್ಲಿ ಮೇಯುವುದು ಅನ್ನುತ್ತಾರೆ. ಮೀನು ಪಾಚಿ ಮೇಯುತ್ತದೆ.

———

ಅಲಗು ಅಪ್ಪಟ ಕನ್ನಡ. ಬಾಲ ಸಂಸ್ಕೃತದ 'ವಾಲ'. ಕುದುರೆಯ ಬಾಲದ ಕೂದಲಿಗೆ ಇದ್ದ ಮಾತು. ಅಲಗುಬಾಲ ಅರಿಸಮಾಸ. ಒಪ್ಪಲಾಗದು.

———

ಮೇಷ್ಟ್ರೇ, ಕೇಶಿರಾಜನೇ ತದ್ಭವಕ್ಕೆ ಬಾಗಿಲು ತೆರೆದಿಟ್ಟಿದ್ದಾನೆ. ವಾಲ ಬಾಲವಾದ ಮೇಲೆ ಅದು ಕನ್ನಡದ ಮಾತು. ಇನ್ನು ಬಾಲವೇ ಸಂಸ್ಕೃತದಿಂದ ಬಂತು ಅನ್ನುವುದೂ ತೀರ್ಮಾನವಾದ ವಿಷಯವಲ್ಲ. ತಮಿಳಿನಲ್ಲಿ ವಾಲ್ ಇದೆ. ಯಾರು ಯಾರಿಂದ ಪಡೆದರು ಅಂತ ವಿದ್ವಾಂಸರು ಇನ್ನೂ ವಾದಿಸುತ್ತಿದ್ದಾರೆ.

ನೀವು ಸಂಸ್ಕೃತ ಎಂದು ಹಟ ಹಿಡಿದ 'ಮೀನ' ನಮ್ಮಿಂದ ಅಲ್ಲಿಗೆ ಹೋದದ್ದು. ಕನ್ನಡ, ತಮಿಳು, ಮಲಯಾಳ, ತುಳು ಎಲ್ಲದರಲ್ಲೂ ಮೀನ್ ಇದೆ. ಮಿನುಗು ಎಂಬ ಮಾತಿಗೂ ಅದಕ್ಕೂ ನಂಟು ಹೇಳುತ್ತಾರೆ. ನೀರಿನಲ್ಲಿ ಮಿನುಗುವುದು ಮೀನು. ಶಲ್ಯಮೀನ ಅಂದಾಗಲೂ ನೀವು ಅರ್ಧ ನಮ್ಮ ಪದವನ್ನೇ ಹೇಳಿದ್ದೀರಿ.

———

ನೀವಿಬ್ಬರೂ ವಾದ ಮಾಡುತ್ತಿರಿ. ಅಲ್ಲಿ ಪ್ರಿಂಟಿಗೆ ಹೋಗಬೇಕು.

ಮೇಡಂ 'ಬೋರ್ಡು' ಅಂದರು, 'ಪ್ರಿಂಟ್' ಅಂದರು, 'ಫೋಟೋ' ಅಂದರು. ಯಾರೂ ಚಕಾರ ಎತ್ತಲಿಲ್ಲ. ಸರ್ಜನ್ ಅಂದಾಗ ಮಾತ್ರ ಎಲ್ಲರಿಗೂ ಕನ್ನಡ ನೆನಪಾಯಿತು. ಎರವಲು ಪದ ಕನ್ನಡವನ್ನು ಕೊಂದಿಲ್ಲ. ಯಾರಿಗೂ ಅರ್ಥವಾಗದ ಹೊಸ ಪದಗಳು ಕನ್ನಡ ಪುಸ್ತಕವನ್ನು ಮುಚ್ಚಿಸಿವೆ. ನನ್ನ ಮತ ಸರ್ಜನ್ ಮೀನಿಗೇ.

———

ಎಲ್ಲರಿಗೂ ಧನ್ಯವಾದ. ಬುಧವಾರ ರಾತ್ರಿ ಬರೆಯುತ್ತಿದ್ದೇನೆ. ನಿರ್ಧಾರ ಮಾಡಿದ್ದೇನೆ. ಯಾಕೆ ಹಾಗೆ ಮಾಡಿದೆ ಅಂತ ಹೇಳುವುದು ನನ್ನ ಕರ್ತವ್ಯ.

ಮೊದಲು ಎರವಲಿನ ವಿಷಯ. ಅಕ್ಯಾಂಥ್ಯೂರಸ್ ಎಂಬ ಹೆಸರು ಅಚ್ಚಾದದ್ದು 1775ರಲ್ಲಿ, ಫೋರ್ಸ್‌ಕೋಲ್ ಎಂಬಾತನ ಪುಸ್ತಕದಲ್ಲಿ. ಜೀವಿಗಳಿಗೆ ಎರಡು ಪದದ ವಿಜ್ಞಾನದ ಹೆಸರಿಡುವ ಪದ್ಧತಿ ತಂದ ಲಿನೇಯಸ್‌ನ ಶಿಷ್ಯ. ಡೆನ್ಮಾರ್ಕಿನ ರಾಜನ ಕಡೆಯಿಂದ ಅರೇಬಿಯಾಕ್ಕೆ ಹೋದ ತಂಡದಲ್ಲಿದ್ದ. 1763ರಲ್ಲಿ ಯೆಮೆನ್‌ನಲ್ಲೇ ತೀರಿಕೊಂಡ. ತಂಡದಲ್ಲಿ ಬದುಕಿ ಹಿಂತಿರುಗಿದವನು ನೀಬೂರ್ ಒಬ್ಬನೇ. ಅವನು ಈತನ ಟಿಪ್ಪಣಿಗಳನ್ನು ಪುಸ್ತಕ ಮಾಡಿದ. ಅದರಲ್ಲಿ ಕೆಂಪು ಸಮುದ್ರದ ಒಂದು ಸರ್ಜನ್ ಮೀನಿನ ಹೆಸರು 'ಸೊಹಾಲ್'. ಅದು ಅರಬ್ಬಿ ಮಾತು. ಅಲ್ಲಿಯವರು ಏನು ಕರೆಯುತ್ತಿದ್ದರೋ ಅದನ್ನೇ ಲ್ಯಾಟಿನ್ ಪುಸ್ತಕಕ್ಕೆ ಸೇರಿಸಿದ. ಇವತ್ತಿಗೂ ಅದು ಅಕ್ಯಾಂಥ್ಯೂರಸ್ ಸೊಹಾಲ್.

ಇನ್ನೊಂದು. ತಾಹಿತಿ ದ್ವೀಪದಲ್ಲಿ ಇದೇ ಕುಟುಂಬದ ಒಂದು ಮೀನಿಗೆ 'ಮೈತೊ' ಅನ್ನುತ್ತಾರೆ. ಬಾಚಣಿಗೆಯಂಥ ಹಲ್ಲಿನಿಂದ ಬಂಡೆಯ ಮೇಲಿನ ಕಸರು ಗೋರಿ ತಿನ್ನುವ ಮೀನು. ಕೆಲವೊಮ್ಮೆ ಅದನ್ನು ತಿಂದವರಿಗೆ ವಿಷವೇರುತ್ತದೆ. ಪಾಚಿಯ ಜೊತೆ ಬೆಳೆಯುವ ಕಣ್ಣಿಗೆ ಕಾಣದ ಜೀವಿಯೊಂದರಿಂದ ಆ ವಿಷ ಬರುತ್ತದೆ. ಅದರಲ್ಲಿದ್ದ ಭಾರೀ ವಿಷವೊಂದನ್ನು 1970ರ ದಶಕದಲ್ಲಿ ಬೇರ್ಪಡಿಸಿದಾಗ ಮೈತೊಟಾಕ್ಸಿನ್ ಎಂದು ಹೆಸರಿಟ್ಟರು. ಊರಿನ ಮೀನುಗಾರರ ಮಾತು ಜಗತ್ತಿನ ರಸಾಯನ ಪುಸ್ತಕಗಳಲ್ಲಿ ಕೂತಿದೆ.

ಹಾಗಾಗಿ ಎರವಲು ತಪ್ಪು ಅನ್ನುವ ಮಾತಿಗೆ ನಾನಿಲ್ಲ. ಮಲ್ಪೆಯವರು ಹೇಳಿದ ಹಾಗೆ ದ್ವೀಪದ ಮೀನುಗಾರರ ಹೆಸರು ಕೈಗೆ ಸಿಕ್ಕಿದ್ದರೆ ಅದನ್ನೇ ಹಾಕುತ್ತಿದ್ದೆ. ಎರವಲು ತರುವುದಾದರೆ ಮೀನಿನ ಜೊತೆ ಬದುಕಿದವರ ಬಾಯಿಂದ ತರಬೇಕು. ಸರ್ಜನ್ ಹಾಗೆ ಬಂದ ಮಾತಲ್ಲ. ಆಸ್ಪತ್ರೆಯಿಂದ ಬಂದು ಮೀನಿನ ಮೇಲೆ ಕೂತದ್ದು. ಅದನ್ನು ಓದಿದ ಮಗು ಈ ಮೀನು ಬೇರೆ ಮೀನುಗಳಿಗೆ ಆಪರೇಷನ್ ಮಾಡುತ್ತದೆ ಅಂದುಕೊಳ್ಳುತ್ತದೆ. ನಾನು ಸುಮ್ನೆ ಊಹಿಸಿ ಹೇಳುತ್ತಿಲ್ಲ. ನಮ್ಮ ಪಕ್ಕದ ಮನೆಯ ಹುಡುಗಿಗೆ ಫೋಟೋ ತೋರಿಸದೆ ಬರೀ ಹೆಸರು ಹೇಳಿದೆ. "ಯಾರಿಗೆ ಹುಷಾರಿಲ್ಲ?" ಅಂತ ಕೇಳಿದಳು. ಅಲಗುಬಾಲ ಅಂದಾಗ ಫೋಟೋ ಇಸಕೊಂಡು ಬಾಲದ ಬುಡದಲ್ಲಿ ಬೆರಳಿಟ್ಟಳು. ಅಲ್ಲಿಗೆ ನನಗೆ ಸಂಶಯ ಉಳಿಯಲಿಲ್ಲ.

ಅಲಗುಬಾಲ ಎಂದೇ ಹೋಗುತ್ತಿದೆ.

ಇನ್ನು ನಾಲ್ಕು ಹೆಸರು. ಪೌಡರ್ ಬ್ಲೂ: ಮೈ ತಿಳಿನೀಲಿ, ಮುಖ ಕಪ್ಪು, ಬೆನ್ನಿನ ರೆಕ್ಕೆ ಹಳದಿ, ಕೊರಳು ಬಿಳಿ. ನೀಲಿ ಅಂತ ಕರೆದರೆ ಈ ಕುಟುಂಬದಲ್ಲಿ ಇನ್ನೂ ನೀಲಿ ಮೀನುಗಳಿವೆ. ಕಪ್ಪು ಮುಖದ ಕೆಳಗೆ ಬಿಳಿ ಕೊರಳಿರುವುದು ಇದರ ಗುರುತು. ವಿಜ್ಞಾನದ ಹೆಸರಿನ ಅರ್ಥವೂ ಬಿಳಿ ಎದೆ ಅಂತಲೇ. ಬಿಳಿಗೊರಳ ಅಲಗುಬಾಲ.

ಕಾನ್ವಿಕ್ಟ್: ಮಾಸಲು ಬಿಳಿ ಮೈಮೇಲೆ ಕಪ್ಪು ಪಟ್ಟೆ, ಪಟ್ಟೆ ಬಟ್ಟೆಯ ಕೈದಿಯ ಹಾಗೆ ಅಂತ ಆ ಹೆಸರು. ನಮ್ಮ ಜೈಲಿನಲ್ಲಿ ಶಿಕ್ಷೆಯಾದವರಿಗೆ ಬಿಳಿ ಬಟ್ಟೆ. ಕೈದಿ ಮೀನು ಅಂದರೆ ಪಟ್ಟೆ ಕಣ್ಣಿಗೆ ಬರುವುದಿಲ್ಲ, ಪಾಪ ಮೀನಿಗೆ ಅಪರಾಧ ಅಂಟಿಕೊಳ್ಳುತ್ತದೆ ಅಷ್ಟೇ. ಎಣಿಸಿ ನೋಡಿದೆ. ಕಣ್ಣಿನ ಮೇಲೆ ಒಂದು, ಮೈಮೇಲೆ ನಾಲ್ಕು, ಬಾಲದ ಬುಡದಲ್ಲಿ ಚಿಕ್ಕದೊಂದು. ಆರುಪಟ್ಟೆ ಅಲಗುಬಾಲ. ಹವಾಯಿಯಲ್ಲಿ ಇದಕ್ಕೆ 'ಮನಿನಿ' ಅನ್ನುತ್ತಾರೆ. ಅಲ್ಲಿಯ ಆಡುಮಾತಿನಲ್ಲಿ ಮನಿನಿ ಅಂದರೆ ಪುಟ್ಟದು, ಜಿಪುಣ ಎಂಬ ಅರ್ಥವೂ ಬೆಳೆದಿದೆ. ಮೀನಿನ ಹೆಸರು ಮನುಷ್ಯರ ಸ್ವಭಾವಕ್ಕೆ ಹೋಯಿತು ನೋಡಿ. ಈ ಮೀನಿನ ಅಲಗು ತೀರಾ ಚಿಕ್ಕದು. ಅದಕ್ಕೇ ಇರಬೇಕು, ಗುಂಪನ್ನೇ ನೆಚ್ಚಿಕೊಂಡಿದೆ. ಬೇರೆ ಜಾತಿಯ ಮೀನೊಂದು ತನ್ನ ಪಾಚಿಯ ತುಂಡು ಜಾಗವನ್ನು ಕಾಯುತ್ತಾ ಇರುತ್ತದೆ. ಒಂದೆರಡು ಆರುಪಟ್ಟೆ ಬಂದರೆ ಓಡಿಸುತ್ತದೆ. ನೂರಾರು ಒಟ್ಟಿಗೆ ಇಳಿದರೆ ಅದು ಎಷ್ಟಂತ ಓಡಿಸುತ್ತದೆ? ಬೇಲಿ ಮುರಿದು ನುಗ್ಗಿದ ದನಗಳ ಹಾಗೆ ಮೇದು ಮುಂದೆ ಹೋಗುತ್ತವೆ. 'ಮೇಯು' ಹೇಳಿಕೊಟ್ಟವರಿಗೆ ಋಣಿ. ಬೋರ್ಡಿನಲ್ಲಿ ಈಗ ಎಲ್ಲ ಕಡೆ ಮೇಯುತ್ತದೆ ಎಂದೇ ಇದೆ.

ಲೈನ್ಡ್: ಉದ್ದಕ್ಕೆ ನೀಲಿ, ಹಳದಿ ಗೆರೆಗಳು. ಅಡ್ಡಗೆರೆ ಅಲ್ಲ ಅಂತ ಗೊತ್ತಾಗಲು ಉದ್ದಗೆರೆ ಅಲಗುಬಾಲ ಮಾಡಿದೆ. ಅಲೆ ಒಡೆಯುವ ಕಡೆ ತನ್ನ ಪಾಚಿಯ ಹೊಲ ಕಾಯುತ್ತದೆ. ಯೂನಿಕಾರ್ನ್: ಕೊಂಬಿನ ಅಲಗುಬಾಲ. ಇದರ ಅಲಗು ಮಡಚುವುದಿಲ್ಲ. ಪ್ರತಿ ಪಕ್ಕ ಎರಡು, ಯಾವಾಗಲೂ ಹೊರಗೇ ಇರುತ್ತವೆ. ಹೆಸರಿಗೆ ಇದರಿಂದ ತೊಂದರೆ ಇಲ್ಲ. ಮುಚ್ಚಿದ್ದರೂ ಅಲಗು, ತೆರೆದಿದ್ದರೂ ಅಲಗು.

ಒಂದು ಸಾಲು ನಾನೇ ಸೇರಿಸಿದ್ದೇನೆ, ಮೂಲದಲ್ಲಿ ಚಿಕ್ಕದಾಗಿತ್ತು. 1998ರಲ್ಲಿ ಸಮುದ್ರ ಕಾದು ಲಕ್ಷದ್ವೀಪದ ಹವಳ ಬೆಳ್ಳಗಾಗಿ ಬಹಳಷ್ಟು ಸತ್ತಿತು. ಸತ್ತ ಹವಳದ ಮೇಲೆ ಪಾಚಿ ಹತ್ತುತ್ತದೆ. ಅದು ದಟ್ಟವಾದರೆ ಹೊಸ ಹವಳದ ಮರಿ ಕೂರಲು ಬಂಡೆಯೇ ಸಿಗುವುದಿಲ್ಲ. ಮೇಯುವ ಮೀನುಗಳಿದ್ದರೆ ಬಂಡೆ ಬರಿದಾಗಿರುತ್ತದೆ, ಮರಿ ಬೇರೂರುತ್ತದೆ. ಬೋರ್ಡಿನ ಮುಂದೆ ನಿಂತ ಮಗುವಿಗೆ ಅಲಗಿಗಿಂತ ಈ ಬಾಯಿಯ ಕೆಲಸ ತಿಳಿಯಬೇಕು ಅಂತ ನನ್ನ ಆಸೆ.

ಮೇಷ್ಟ್ರಿಗೆ ಒಂದು ಮಾತು. ಹೆಸರಿಡುವುದರಲ್ಲಿ ಎಡವುವುದು ನಮಗಷ್ಟೇ ಅಲ್ಲ. ಈ ಮೀನಿನ ಮರಿ ಹವಳದಿಬ್ಬಕ್ಕೆ ಬರುವವರೆಗೆ ತೆರೆದ ಕಡಲಿನಲ್ಲಿ ಬೆಳೆಯುತ್ತದೆ. ಮೈ ಗಾಜಿನ ಹಾಗೆ, ಆಚೆಯದು ಕಾಣಿಸುತ್ತದೆ. ಹಿಂದಿನವರು ಅದನ್ನು ಬೇರೆಯೇ ಮೀನು ಅಂದುಕೊಂಡು 'ಅಕ್ರೊನ್ಯೂರಸ್' ಎಂದು ಪ್ರತ್ಯೇಕ ಹೆಸರಿಟ್ಟಿದ್ದರು. ಆಮೇಲೆ ಇವೆರಡೂ ಒಂದೇ ಅಂತ ತಿಳಿಯಿತು. ಆ ಹೆಸರು ಈಗ ಮರಿಯ ಆ ಹಂತಕ್ಕೆ ಮಾತ್ರ ಉಳಿದಿದೆ. ನಿಮ್ಮ ಶಲ್ಯವನ್ನು ನಾನು ಮರೆಯುವುದಿಲ್ಲ. ಮುಳ್ಳಿಗೂ ಸರ್ಜನ್‌ಗೂ ಒಂದೇ ಪದ ಎಂಬುದನ್ನು ನಿಮ್ಮಿಂದಲೇ ಕಲಿತೆ.

———

ಅಲಗು ಒಪ್ಪಿದೆ. ಮೇಯುವುದೂ ಒಪ್ಪಿದೆ. ಬಿಳಿಗೊರಳ ಬಹಳ ಚೆನ್ನಾಗಿದೆ, ಆದೇಶ ಸಂಧಿ ಸರಿಯಾಗಿದೆ.

ಬಾಲದ ಬಗ್ಗೆ ನನ್ನ ಮಾತು ಹಾಗೇ ಇದೆ.